ಮಹಾಪಧಮನಿ ಸೀಳಿದಾಗ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎದೆನೋವು ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಹಾರ್ಟ್ ಅಟ್ಯಾಕ್. ಅದರಷ್ಟು ಸಾಮಾನ್ಯವಲ್ಲದ, ಆದರೆ ಅದಕ್ಕಿಂತ ಬೇಗ ಜೀವ ತೆಗೆಯಬಲ್ಲ ಇನ್ನೊಂದು ಕಾಯಿಲೆ ಇದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಗೋಡೆ ಸೀಳುವುದು. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಪಡುವಣಕ್ಕೆ ಹೊರಟರೆ ಘಾಟಿ, ಮೂಡಣಕ್ಕೆ ಹೊರಟರೆ ದೂರ. ಹಾಗಾಗಿ ಗಂಟೆಗಳ ಲೆಕ್ಕದಲ್ಲಿ ನಡೆಯುವ ಈ ಕಾಯಿಲೆಯ ಬಗ್ಗೆ ಮೊದಲೇ ತಿಳಿದಿರುವುದು ಪಟ್ಟಣದವರಿಗಿಂತ ನಮಗೆ ಹೆಚ್ಚು ಅಗತ್ಯ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಮಾತ್ರೆ, ನಿಮ್ಮ ಚಿಕಿತ್ಸೆಯ ವಿಚಾರದಲ್ಲಿ ನಿಮ್ಮನ್ನು ನೋಡುವ ಡಾಕ್ಟರ ಮಾತೇ ಅಂತಿಮ.

ಮಹಾಪಧಮನಿ ಯಾವುದು? ಅದು ಸೀಳುವುದು ಎಂದರೇನು?

ಹೃದಯದ ಎಡ ಕೆಳಕೋಣೆಯಿಂದ ಹೊರಟು, ಮೇಲಕ್ಕೆ ಏರಿ, ಬಾಗಿ, ಬೆನ್ನುಮೂಳೆಯ ಪಕ್ಕದಲ್ಲೇ ಹೊಟ್ಟೆಯವರೆಗೆ ಇಳಿಯುವ ರಕ್ತನಾಳವೇ ಮಹಾಪಧಮನಿ. ಡಾಕ್ಟರುಗಳು ಅಯೋರ್ಟಾ ಎನ್ನುತ್ತಾರೆ. ಎದೆಯ ಭಾಗದಲ್ಲಿ ಅದರ ಅಗಲ ಸುಮಾರು 3 ಸೆಂ.ಮೀ. ಸುಮ್ಮನೆ ಕೂತಿದ್ದಾಗಲೂ ನಿಮಿಷಕ್ಕೆ 5 ಲೀಟರಿನಷ್ಟು ರಕ್ತ ಇದರ ಮೂಲಕ ಹಾಯುತ್ತದೆ. ಮಿದುಳು, ಕೈ, ಮೂತ್ರಪಿಂಡ, ಕರುಳು, ಕಾಲು ಎಲ್ಲಕ್ಕೂ ಕವಲು ಒಡೆಯುವುದು ಇಲ್ಲಿಂದಲೇ.

ಈ ನಾಳದ ಗೋಡೆಗೆ ಮೂರು ಪದರ. ಒಳಪದರದಲ್ಲಿ ಬಿರುಕು ಬಿಟ್ಟರೆ ರಕ್ತ ಅಲ್ಲಿಂದ ನಡುಪದರಕ್ಕೆ ನುಗ್ಗಿ, ಹೃದಯದ ಪ್ರತಿ ಬಡಿತಕ್ಕೂ ಪದರಗಳನ್ನು ಇನ್ನಷ್ಟು ಬೇರ್ಪಡಿಸುತ್ತಾ ಹೋಗುತ್ತದೆ. 2018ರ ಆಗಸ್ಟ್ ಮಳೆಗೆ ಗುಡ್ಡದೊಳಗೆ ನೀರು ಇಳಿದು ಮೇಲಿನ ಮಣ್ಣು ಅಡಿಯ ಬಂಡೆಯಿಂದ ಬಿಟ್ಟುಕೊಂಡದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸೀಳಿದ ಮೇಲೆ ರಕ್ತಕ್ಕೆ ಎರಡು ದಾರಿ. ನಿಜದಾರಿ ಒಂದು, ಪದರಗಳ ನಡುವಿನ ಕಳ್ಳದಾರಿ ಇನ್ನೊಂದು. ಕಳ್ಳದಾರಿ ಉಬ್ಬಿ ನಿಜದಾರಿಯನ್ನೋ ಕವಲನ್ನೋ ಒತ್ತಿದರೆ ಆ ಕವಲು ಪೋಷಿಸುವ ಅಂಗಕ್ಕೆ ರಕ್ತ ನಿಲ್ಲುತ್ತದೆ. ಹೊರಪದರವೂ ಒಡೆದರೆ ಎದೆಯೊಳಗೆ ಅಥವಾ ಹೃದಯದ ಸುತ್ತಲಿನ ಚೀಲದೊಳಗೆ ರಕ್ತ ತುಂಬುತ್ತದೆ. ಹೆಚ್ಚಿನ ಸಾವುಗಳು ಆಗುವುದು ಹೀಗೆ.

ಇದು ಈಚೆಗೆ ಬಂದ ಕಾಯಿಲೆಯೇ? ನಮ್ಮ ಅಜ್ಜಂದಿರ ಕಾಲದಲ್ಲಿ ಕೇಳಿರಲಿಲ್ಲ.

ಕಾಯಿಲೆ ಹಳೆಯದು, ಪತ್ತೆ ಹಚ್ಚುವ ಯಂತ್ರ ಹೊಸದು. 1760ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ ಬೆಳಗಿನ ಹೊತ್ತು ಇದ್ದಕ್ಕಿದ್ದಂತೆ ಕುಸಿದು ಸತ್ತ. ಅರಮನೆಯ ವೈದ್ಯ ಫ್ರಾಂಕ್ ನಿಕೋಲ್ಸ್ ಶವಪರೀಕ್ಷೆ ಮಾಡಿದಾಗ ಮಹಾಪಧಮನಿಯಲ್ಲಿ ಸೀಳು ಮತ್ತು ಹೃದಯದ ಚೀಲದಲ್ಲಿ ತುಂಬಿದ ರಕ್ತ ಕಂಡಿತು. ನಮ್ಮ ಊರುಗಳಲ್ಲೂ ‘ಕೂತಲ್ಲೇ ಹೋದರು’ ಎಂದು ನೆನೆಯುವ ಹಿರಿಯರಲ್ಲಿ ಕೆಲವರಿಗಾದರೂ ಹೀಗೇ ಆಗಿರಬಹುದು. ಶವಪರೀಕ್ಷೆ ಮಾಡಿಸದೆ ಅದು ಗೊತ್ತಾಗುವಂತಿಲ್ಲ.

ಕೊಡಗಿನಲ್ಲಿ ವರ್ಷಕ್ಕೆ ಎಷ್ಟು ಜನರಿಗೆ ಆಗಬಹುದು?

ಹೊರದೇಶಗಳ ಅಧ್ಯಯನಗಳು ಲಕ್ಷಕ್ಕೆ ವರ್ಷಕ್ಕೆ 3ರಿಂದ 6 ಜನ ಎನ್ನುತ್ತವೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಐದೂವರೆ ಲಕ್ಷ ಜನ. ಅದೇ ಲೆಕ್ಕ ಹಿಡಿದರೆ ವರ್ಷಕ್ಕೆ ಸುಮಾರು 16ರಿಂದ 33 ಜನ ಎಂದಾಯಿತು. ಅಂದಾಜು ಅಷ್ಟೇ. ಆದರೂ ಯಾವುದಾದರೊಂದು ಊರಿನಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುವ ಸಂಗತಿ ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನೋವು ಹೇಗಿರುತ್ತದೆ? ಹಾರ್ಟ್ ಅಟ್ಯಾಕ್ ನೋವಿಗೂ ಇದಕ್ಕೂ ಏನು ವ್ಯತ್ಯಾಸ?

ಹಾರ್ಟ್ ಅಟ್ಯಾಕ್‌ನಲ್ಲಿ ನೋವು ಸಾಮಾನ್ಯವಾಗಿ ಎದೆ ಹಿಂಡಿದಂತೆ, ಭಾರ ಹೇರಿದಂತೆ ಶುರುವಾಗಿ ನಿಮಿಷಗಳಲ್ಲಿ ಏರುತ್ತದೆ. ಮಹಾಪಧಮನಿ ಸೀಳಿದಾಗ ಹೀಗೆ ನಿಧಾನವಾಗಿ ಏರುವುದಿಲ್ಲ, ಹೆಚ್ಚಾಗಿ ಮೊದಲ ಕ್ಷಣದಲ್ಲೇ ನೋವು ತುತ್ತತುದಿಯಲ್ಲಿರುತ್ತದೆ. ‘ಯಾವಾಗ ಶುರುವಾಯಿತು’ ಎಂದು ಕೇಳಿದರೆ ರೋಗಿ ‘ಬೆಳಿಗ್ಗೆಯಿಂದ’ ಎನ್ನುವುದಿಲ್ಲ, ‘ಗೇಟಿನ ಚಿಲಕ ಹಾಕುತ್ತಿದ್ದಾಗ’ ಎನ್ನುತ್ತಾರೆ. ಈ ಒಂದು ಉತ್ತರಕ್ಕೆ ಬಹಳ ಬೆಲೆಯಿದೆ.

ನೋವು ಎದೆಯ ಮುಂಭಾಗದಲ್ಲಿರಬಹುದು, ಎರಡು ಹೆಗಲಮೂಳೆಗಳ ನಡುವೆ ಬೆನ್ನಿನಲ್ಲಿರಬಹುದು, ಹೊಟ್ಟೆಯಲ್ಲಿರಬಹುದು. ಸೀಳು ಇಳಿದ ಹಾಗೆ ನೋವೂ ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಸರಿಯಬಹುದು. ಕೆಲವರು ಹರಿದಂತೆ ಎನ್ನುತ್ತಾರೆ, ಕೆಲವರು ಚೂರಿ ಹಾಕಿದಂತೆ ಎನ್ನುತ್ತಾರೆ.

ನೋವಿನ ಜೊತೆ ಈ ಕೆಳಗಿನ ಯಾವುದಾದರೂ ಇದ್ದರೆ ಅನುಮಾನ ಗಟ್ಟಿಯಾಗಬೇಕು. ತಲೆ ತಿರುಗಿ ಬಿದ್ದದ್ದು, ಮಾತು ತೊದಲಿದ್ದು, ಒಂದು ಕೈಯೋ ಕಾಲೋ ತಣ್ಣಗಾಗಿ ಶಕ್ತಿ ಕಳೆದುಕೊಂಡದ್ದು, ಎರಡೂ ಕೈಗಳ ಮೇಲಿನ ಬಿಪಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸ, ಒಂದು ಕೈಯಲ್ಲಿ ನಾಡಿ ಸಿಗದಿರುವುದು. ಪಾರ್ಶ್ವವಾಯು ಎಂದು ಕರೆತಂದವರಲ್ಲೂ ಅಪರೂಪಕ್ಕೆ ಮೂಲ ಇದೇ ಆಗಿರುತ್ತದೆ.

ನೋವೇ ಇಲ್ಲದೆ ಆಗುತ್ತದೆಯೇ?

ಆಗುತ್ತದೆ. ನೂರರಲ್ಲಿ 5ರಿಂದ 10 ಜನರಲ್ಲಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದರಲ್ಲಿ ಹೆಚ್ಚು. ಅವರಲ್ಲಿ ಮೂರ್ಛೆ, ಉಸಿರುಗಟ್ಟುವಿಕೆ ಅಥವಾ ಪಾರ್ಶ್ವವಾಯುವೇ ಮೊದಲ ಲಕ್ಷಣ.

ಗ್ಯಾಸ್ಟ್ರಿಕ್ ಇರಬೇಕು, ಬೆನ್ನು ಉಳುಕಿರಬೇಕು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಷ್ಟು ಹೊತ್ತು ಕಾದು ನೋಡಬಹುದು?

ಕಾಯಬಾರದು. ಈ ಕಾಯಿಲೆಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಈ ಕಾಯುವ ಹೊತ್ತಿನಲ್ಲೇ. ಗ್ಯಾಸ್ ಮಾತ್ರೆ ನುಂಗಿ, ಜೀರಿಗೆ ಕಷಾಯ ಕುಡಿದು, ಬೆನ್ನಿಗೆ ಎಣ್ಣೆ ಹಚ್ಚಿ ಉಜ್ಜಿಸಿಕೊಂಡು ಮಲಗುವುದು ನಮ್ಮಲ್ಲಿ ಸಾಮಾನ್ಯ. ಬಿಪಿ ಇರುವ, ಐವತ್ತು ದಾಟಿದ ಮನುಷ್ಯನಿಗೆ ಬದುಕಿನಲ್ಲಿ ಎಂದೂ ಕಾಣದಷ್ಟು ನೋವು ಥಟ್ಟನೆ ಬಂದರೆ ಅದು ಗ್ಯಾಸ್ಟ್ರಿಕ್ ಎಂಬ ತೀರ್ಮಾನವನ್ನು ಮನೆಯವರು ಮಾಡಬಾರದು. ಉಜ್ಜುವುದಂತೂ ಬೇಡವೇ ಬೇಡ. ಇನ್ನೊಂದು ಮಾತು: ನೋವು ತಾನಾಗಿ ಇಳಿಯಿತು ಎಂದರೆ ಅಪಾಯ ಕಳೆಯಿತು ಎಂದಲ್ಲ. ಸೀಳು ಮುಂದುವರಿಯುವುದು ನಿಂತಾಗ ನೋವು ತಗ್ಗಬಹುದು, ಗಂಟೆಗಳ ನಂತರ ಮತ್ತೆ ಶುರುವಾಗಬಹುದು.

ಮನೆಯಲ್ಲಿ ಮೊದಲು ಏನು ಮಾಡಬೇಕು? ಆಸ್ಪಿರಿನ್ ಕೊಡಬಹುದೇ?

108ಕ್ಕೆ ಕರೆ ಮಾಡಿ. ತೋಟದೊಳಗಿನ ಮಣ್ಣುರಸ್ತೆಗೆ ಆಂಬುಲೆನ್ಸ್ ಬರಲಾರದು ಎಂದು ಗೊತ್ತಿದ್ದರೆ ಜೀಪಿನಲ್ಲಿ ಮುಖ್ಯರಸ್ತೆಗೆ ತಂದು ಸೇರಿಸಿಕೊಳ್ಳಿ. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಲೈನ್ ಮನೆಗಳಿಂದ ರಸ್ತೆಗೆ ಏರು ಇದ್ದರೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತನ್ನಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು ಏನೂ ಕೊಡಬೇಡಿ.

ಆಸ್ಪಿರಿನ್ ವಿಚಾರ ಸ್ವಲ್ಪ ಸೂಕ್ಷ್ಮ. ಹಾರ್ಟ್ ಅಟ್ಯಾಕ್‌ಗೆ ಆಸ್ಪಿರಿನ್ ಒಳ್ಳೆಯದು, ಸೀಳಿದ ಮಹಾಪಧಮನಿಗೆ ಒಳ್ಳೆಯದಲ್ಲ. ನೋವು ಥಟ್ಟನೆ ಬೆನ್ನಿಗೆ ಹೊಡೆದಿದ್ದರೆ, ಕೈಕಾಲು ಮರಗಟ್ಟಿದ್ದರೆ, ಡಾಕ್ಟರು ನೋಡುವವರೆಗೆ ಸ್ವಂತವಾಗಿ ಆಸ್ಪಿರಿನ್ ಕೊಡದಿರುವುದು ಮೇಲು. ಆಗಲೇ ನುಂಗಿಸಿದ್ದರೆ ಗಾಬರಿಯಾಗಬೇಡಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಚೀಟಿಯಲ್ಲಿ ಬರೆದು ಕಳಿಸಿ.

ಇಸಿಜಿ ನಾರ್ಮಲ್ ಬಂತು. ಇನ್ನು ಮನೆಗೆ ಹೋಗಬಹುದಲ್ಲವೇ?

ಇಸಿಜಿ ಹೃದಯದ ವಿದ್ಯುತ್ ಚಟುವಟಿಕೆಯನ್ನು ತೋರಿಸುತ್ತದೆ, ಮಹಾಪಧಮನಿಯ ಗೋಡೆಯನ್ನಲ್ಲ. ಸೀಳಿದ್ದರೂ ಇಸಿಜಿ ನಾರ್ಮಲ್ ಇರಬಹುದು. ಎದೆಯ ಎಕ್ಸ್‌ರೇಯಲ್ಲಿ ನಡುಭಾಗ ಅಗಲವಾಗಿ ಕಂಡರೆ ಅದು ಸುಳಿವು, ಕಾಣದಿದ್ದರೆ ಕಾಯಿಲೆ ಇಲ್ಲವೆಂದಲ್ಲ. ನೋವಿನ ಕಥೆ ಈ ಕಾಯಿಲೆಗೆ ಹೊಂದುತ್ತಿದ್ದರೆ, ‘ಸರ್, ಮಹಾಪಧಮನಿ ಸೀಳಿರಬಹುದೇ’ ಎಂದು ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ಈ ಕಾಯಿಲೆ ತಪ್ಪಿಹೋಗುವುದು ಬಹುತೇಕ ಯಾರೂ ಅದನ್ನು ನೆನೆಸಿಕೊಳ್ಳದ ಕಾರಣಕ್ಕೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಡ್ಯೂಟಿ ಡಾಕ್ಟರಿಗೆ ನಿಮ್ಮ ಪ್ರಶ್ನೆ ಸಹಾಯವೇ ಆಗುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರಂತೆ. ಅದರಿಂದ ಅಪಾಯವಿದೆಯೇ?

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಹಾರ್ಟ್ ಅಟ್ಯಾಕ್ ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಆ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ನಮ್ಮಂಥ ಜಿಲ್ಲೆಗೆ ಇದು ದೊಡ್ಡ ಆಸರೆ. ಹಾರ್ಟ್ ಅಟ್ಯಾಕ್ ಆದವರು ಹೆದರಿ ಈ ಇಂಜೆಕ್ಷನ್ ಬೇಡ ಎನ್ನಬಾರದು. ಮಹಾಪಧಮನಿ ಸೀಳುವುದಕ್ಕಿಂತ ಹಾರ್ಟ್ ಅಟ್ಯಾಕ್ ಎಷ್ಟೋ ಪಟ್ಟು ಹೆಚ್ಚು.

ಆದರೆ ಸೀಳಿದ ಮಹಾಪಧಮನಿಗೆ ಅದೇ ಇಂಜೆಕ್ಷನ್ ಕೊಟ್ಟರೆ, ರಕ್ತವನ್ನು ತಡೆದು ನಿಲ್ಲಿಸಿರುವ ಹೆಪ್ಪೂ ಕರಗಿ ಸಾವು ಬರಬಹುದು. ಗೊಂದಲಕ್ಕೆ ಕಾರಣವೂ ಇದೆ: ಸೀಳು ಹೃದಯದ ಕಡೆಗೆ ಹರಿದು ಹೃದಯದ ಸ್ವಂತ ರಕ್ತನಾಳದ ಬಾಯಿಯನ್ನು, ಹೆಚ್ಚಾಗಿ ಬಲಭಾಗದ್ದನ್ನು, ಮುಚ್ಚಿದರೆ ಇಸಿಜಿಯಲ್ಲಿ ನಿಜವಾದ ಹಾರ್ಟ್ ಅಟ್ಯಾಕ್‌ನ ಗುರುತೇ ಮೂಡುತ್ತದೆ. ಆದ್ದರಿಂದ ಇಂಜೆಕ್ಷನ್‌ಗೆ ಮುಂಚೆ ಎರಡು ನಿಮಿಷ ವ್ಯಯಿಸಿ ಎರಡೂ ಕೈಗಳ ಬಿಪಿ ನೋಡುವುದು, ನೋವು ಬೆನ್ನಿಗೆ ಹೊಡೆಯಿತೇ, ಕೈಕಾಲು ಸೋತಿವೆಯೇ ಎಂದು ಕೇಳುವುದು ಒಳ್ಳೆಯ ಅಭ್ಯಾಸ. ಮನೆಯವರು ಈ ಮಾಹಿತಿಯನ್ನು ಕೇಳುವ ಮುಂಚೆಯೇ ಹೇಳಿಬಿಡಬೇಕು.

ಖಚಿತಪಡಿಸುವುದು ಯಾವ ಪರೀಕ್ಷೆಯಿಂದ?

ಸಿಟಿ ಆಂಜಿಯೋಗ್ರಾಂ. ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಮದ್ದನ್ನು ಕೈನರಕ್ಕೆ ಕೊಟ್ಟು ಕುತ್ತಿಗೆಯಿಂದ ತೊಡೆಯ ಸಂಧಿಯವರೆಗೆ ಸ್ಕ್ಯಾನ್ ಮಾಡಿದರೆ ಬಿರುಕು ಎಲ್ಲಿದೆ, ಎಲ್ಲಿಯವರೆಗೆ ಇಳಿದಿದೆ, ಯಾವ ಕವಲು ಮುಚ್ಚಿದೆ ಎಲ್ಲವೂ ಕಾಣುತ್ತದೆ. ಸ್ಕ್ಯಾನ್ ಆಗುವುದು ನಿಮಿಷಗಳಲ್ಲಿ. ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ಈ ಕೆಲಸಕ್ಕೆ ಸಾಲದು, ಆದ್ದರಿಂದ ಬರೆದುಕೊಟ್ಟ ಚೀಟಿಯಲ್ಲಿ ಏನಿದೆ ಎಂದು ನೋಡಿಕೊಳ್ಳಿ.

ಎದೆಯ ಮೇಲಿಂದ ಮಾಡುವ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಬೇಗ ಸಿಗುತ್ತದೆ. ಹೃದಯದ ಚೀಲದಲ್ಲಿ ರಕ್ತವಿದೆಯೇ, ಕವಾಟ ಸೋರುತ್ತಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಆದರೆ ಅದು ನಾರ್ಮಲ್ ಎಂದು ಬಂದ ಮಾತ್ರಕ್ಕೆ ಸೀಳಿಲ್ಲ ಎನ್ನುವಂತಿಲ್ಲ. ಅನ್ನನಾಳದ ಮೂಲಕ ಇಳಿಸಿ ಮಾಡುವ ಎಕೋ ಹೆಚ್ಚು ನಿಖರ, ಅದು ದೊಡ್ಡ ಕೇಂದ್ರಗಳಲ್ಲಿ ಮಾತ್ರ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಅನುಮಾನ ಕಡಿಮೆ ಇರುವವರಲ್ಲಿ ಕಾಯಿಲೆ ಇಲ್ಲವೆನ್ನಲು ನೆರವಾಗುತ್ತದೆ, ಮಿತಿ ಪ್ರತಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ. ಅನುಮಾನ ಬಲವಾಗಿದ್ದಾಗ ಅದಕ್ಕೆ ಕಾಯುತ್ತಾ ಕೂರದೆ ನೇರ ಸ್ಕ್ಯಾನಿಗೆ ಹೋಗಬೇಕು.

ಅಮ್ಮನಿಗೆ ಕಿಡ್ನಿ ತೊಂದರೆ ಇದೆ. ಕಾಂಟ್ರಾಸ್ಟ್ ಕೊಡಬಹುದೇ?

ಜೀವದ ಪ್ರಶ್ನೆ ಬಂದಾಗ ಕೊಡುತ್ತಾರೆ. ಕಿಡ್ನಿಯ ರಕ್ತಪರೀಕ್ಷೆಯಾದ ಕ್ರಿಯೇಟಿನಿನ್ ಎಷ್ಟಿತ್ತು, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆಯೇ, ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿ ಆಗಿತ್ತೇ ಎಂಬುದನ್ನು ಮುಂಚೆಯೇ ತಿಳಿಸಿ.

ಎ, ಬಿ ಎಂದು ಎರಡು ವಿಧ ಹೇಳುತ್ತಾರೆ. ಏನದು?

ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 1970ರಲ್ಲಿ ಮಾಡಿದ ವಿಂಗಡಣೆ. ಹೃದಯದಿಂದ ಮೇಲೇರುವ ಭಾಗ ಸೀಳಿದ್ದರೆ ಟೈಪ್ ಎ. ಆ ಭಾಗಕ್ಕೆ ಏನೂ ಆಗದೆ ಬೆನ್ನಿನ ಕಡೆ ಇಳಿಯುವ ಭಾಗ ಮಾತ್ರ ಸೀಳಿದ್ದರೆ ಟೈಪ್ ಬಿ. ಟೈಪ್ ಎಗೆ ತುರ್ತು ಶಸ್ತ್ರಚಿಕಿತ್ಸೆ ಬೇಕು, ಮಾಡದಿದ್ದರೆ ಮೊದಲ ಎರಡು ದಿನ ಗಂಟೆಗೆ ಸುಮಾರು ಶೇಕಡಾ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಟೈಪ್ ಬಿಯಲ್ಲಿ ಹೆಚ್ಚಿನವರಿಗೆ ಔಷಧದಿಂದಲೇ ಚಿಕಿತ್ಸೆ ಶುರು.

ಮೈಸೂರಿಗೋ, ಮಂಗಳೂರಿಗೋ, ಬೆಂಗಳೂರಿಗೋ? ಯಾವ ಕಡೆ ಹೊರಡಬೇಕು?

ಈ ಪುಟ ಬರೆದದ್ದೇ ಮುಖ್ಯವಾಗಿ ಈ ಪ್ರಶ್ನೆಗಾಗಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140, ಬೆಂಗಳೂರು 250ರ ಮೇಲೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು, ಕುಟ್ಟದವರಿಗೆ ಮಾನಂದವಾಡಿ ಹತ್ತಿರ. ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದವರಿಗೆ ಮೈಸೂರಿನ ದಾರಿ ಸಲೀಸು.

ಆದರೆ ಹತ್ತಿರದ ಊರು ಯಾವುದು ಎಂಬುದು ಮುಖ್ಯವಲ್ಲ. ಆ ಹೊತ್ತಿನಲ್ಲಿ ಮಹಾಪಧಮನಿಯ ಆಪರೇಷನ್ ಮಾಡಬಲ್ಲ ಹೃದಯ ಶಸ್ತ್ರಚಿಕಿತ್ಸಕರ ತಂಡ, ಖಾಲಿ ಥಿಯೇಟರು, ರಕ್ತ ಎಲ್ಲಿದೆ ಎಂಬುದು ಮುಖ್ಯ. ಆಂಜಿಯೋಪ್ಲಾಸ್ಟಿ ಮಾಡುವ ಎಲ್ಲ ಆಸ್ಪತ್ರೆಗಳೂ ಈ ಆಪರೇಷನ್ ಮಾಡುವುದಿಲ್ಲ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ, ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಎಲ್ಲಿಗೇ ಆಗಲಿ, ಆಂಬುಲೆನ್ಸ್ ಹೊರಡುವ ಮುಂಚೆ ಡಾಕ್ಟರಿಂದ ಡಾಕ್ಟರಿಗೆ ಫೋನ್ ಆಗಿರಬೇಕು. ಒಂದು ಆಸ್ಪತ್ರೆಯ ಬಾಗಿಲಲ್ಲಿ ‘ಇಲ್ಲಿ ಆಗುವುದಿಲ್ಲ’ ಎನ್ನಿಸಿಕೊಂಡು ಇನ್ನೊಂದಕ್ಕೆ ಓಡುವುದರಲ್ಲಿ ಕಳೆಯುವ ಎರಡು ಗಂಟೆ ಈ ಕಾಯಿಲೆಯಲ್ಲಿ ಬಹಳ ದುಬಾರಿ.

ಸ್ಕ್ಯಾನ್ ಇಲ್ಲೇ ಮಾಡಿಸಬೇಕೇ, ಅಲ್ಲಿಗೆ ಹೋಗಿ ಮಾಡಿಸಬೇಕೇ? ಹೋಗುವ ದಾರಿಯಲ್ಲೇ ಸಿಟಿ ಸ್ಕ್ಯಾನ್ ಯಂತ್ರ ಇದ್ದು, ಕಾಂಟ್ರಾಸ್ಟ್ ಸಮೇತ ಕೂಡಲೇ ಆಗುವುದಾದರೆ ಇಲ್ಲೇ ಮಾಡಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಎ ಎಂದು ಗೊತ್ತಾದರೆ ಅತ್ತಲಿನವರು ಥಿಯೇಟರು ಸಿದ್ಧ ಮಾಡಿಟ್ಟಿರುತ್ತಾರೆ, ನೀವು ದಾರಿಯಲ್ಲಿರುವಾಗಲೇ ಅವರ ಕೆಲಸ ಶುರುವಾಗಿರುತ್ತದೆ. ಚಿತ್ರಗಳನ್ನು ಫೋನಿನಲ್ಲೇ ಕಳಿಸಬಹುದು. ಟೆಕ್ನೀಷಿಯನ್ ಬರಲು ಗಂಟೆ ಹಿಡಿಯುತ್ತದೆ ಎಂದಾದರೆ ಕಾಯದೆ ಹೊರಡಿ.

ಮಳೆಗಾಲದಲ್ಲಿ ಘಾಟಿಯ ಸ್ಥಿತಿ ಮೊದಲು ವಿಚಾರಿಸಿ. 2018ರಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮಂಗಳೂರಿನ ಸಂಪರ್ಕವೇ ಕಡಿದುಹೋಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅನುಮಾನವಿದ್ದರೆ ಮೈಸೂರಿನ ಕಡೆ ಮುಖ ಮಾಡುವುದೇ ಕ್ಷೇಮ.

ದಾರಿಯಲ್ಲಿ ಏನು ಚಿಕಿತ್ಸೆ ನಡೆಯಬೇಕು?

ಎರಡೇ ಕೆಲಸ. ನೋವು ಇಳಿಸುವುದು, ಬಿಪಿ ಮತ್ತು ಹೃದಯದ ಬಡಿತ ಇಳಿಸುವುದು. ಮೇಲಿನ ಬಿಪಿ 100ರಿಂದ 120ರ ನಡುವೆ, ಬಡಿತ ನಿಮಿಷಕ್ಕೆ 60ರ ಒಳಗೆ ಬರಬೇಕು. ಇದಕ್ಕೆ ಎಸ್ಮೊಲಾಲ್ ಅಥವಾ ಲ್ಯಾಬೆಟಲಾಲ್ ಇಂಜೆಕ್ಷನ್, ನೋವಿಗೆ ಮಾರ್ಫಿನ್ ಅಥವಾ ಫೆಂಟನಿಲ್. ಬಡಿತ ಇಳಿಸುವ ಮದ್ದು ಮೊದಲು, ರಕ್ತನಾಳ ಹಿಗ್ಗಿಸುವ ಮದ್ದು ಆಮೇಲೆ. ಈ ಕ್ರಮ ತಪ್ಪಿದರೆ ಬಡಿತ ಜೋರಾಗಿ ಸೀಳು ಹೆಚ್ಚುತ್ತದೆ. ಅಸ್ತಮಾ ಇದ್ದರೆ ಮೊದಲೇ ಹೇಳಿ, ಮದ್ದು ಬದಲಾಗುತ್ತದೆ. ಬಿಪಿ ಈಗಾಗಲೇ ಬಿದ್ದುಹೋಗಿದ್ದರೆ ಕಥೆಯೇ ಬೇರೆ, ಒಳಗೆ ರಕ್ತ ಸೋರುತ್ತಿದೆ ಎಂದು ತಿಳಿದು ಓಡಬೇಕು.

ಟೈಪ್ ಎ ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಎದೆಮೂಳೆ ಸೀಳಿ ಎದೆ ತೆರೆಯುತ್ತಾರೆ. ಹಾರ್ಟ್-ಲಂಗ್ ಯಂತ್ರ ದೇಹಕ್ಕೆ ರಕ್ತ ಹರಿಸುತ್ತದೆ. ಸೀಳಿದ ಭಾಗ ಕತ್ತರಿಸಿ ಆ ಜಾಗಕ್ಕೆ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಬಾಗಿದ ಭಾಗವನ್ನು ಹೊಲಿಯುವಾಗ ಕೆಲಹೊತ್ತು ದೇಹದ ರಕ್ತಸಂಚಾರವನ್ನೇ ನಿಲ್ಲಿಸಬೇಕಾಗುತ್ತದೆ, ಅದಕ್ಕಾಗಿ ಮೈಯನ್ನು ತಣ್ಣಗಾಗಿಸುತ್ತಾರೆ, ಮಿದುಳಿಗೆ ಮಾತ್ರ ಬೇರೆ ಕೊಳವೆಯಿಂದ ರಕ್ತ ಕೊಡುತ್ತಾರೆ. ಕವಾಟವೂ ಹಾಳಾಗಿದ್ದರೆ ಕವಾಟ ಸಮೇತ ಕೊಳವೆ ಹಾಕುವ ಬೆಂಟಲ್ ಆಪರೇಷನ್ ಬೇಕಾಗಬಹುದು. ಅದು 1968ರಿಂದ ಬಳಕೆಯಲ್ಲಿದೆ. ಒಟ್ಟು ಹಲವು ಗಂಟೆಗಳ ಕೆಲಸ. ರಕ್ತ ಹೆಚ್ಚು ಬೇಕು, ಆದ್ದರಿಂದ ರಕ್ತ ಕೊಡಬಲ್ಲ ನೆಂಟರಿಷ್ಟರು ಜೊತೆಗೆ ಬಂದರೆ ಒಳ್ಳೆಯದು.

ಬದುಕುತ್ತಾರೆಯೇ? ನಿಜ ಹೇಳಿ.

ನಿಜವೆಂದರೆ, ಒಳ್ಳೆಯ ಕೇಂದ್ರಗಳಲ್ಲೂ ಟೈಪ್ ಎ ಆಪರೇಷನ್ ಆದ ಐದಾರು ಜನರಲ್ಲಿ ಒಬ್ಬರು ಉಳಿಯುವುದಿಲ್ಲ. ಪಾರ್ಶ್ವವಾಯು, ಕಿಡ್ನಿ ಸೋಲುವುದು, ಮತ್ತೆ ರಕ್ತಸ್ರಾವ ಆಗಬಹುದು. ಆದರೆ ಹಾಗೇ ಬಿಟ್ಟರೆ ಉಳಿಯುವವರು ತೀರಾ ಕಡಿಮೆ. ಉಳಿದ ನಾಲ್ಕೈದು ಜನ ಮನೆಗೆ ಮರಳುತ್ತಾರೆ, ಹಲವರು ಮತ್ತೆ ತಮ್ಮ ಕೆಲಸಕ್ಕೂ ಹೋಗುತ್ತಾರೆ.

‘ಇಷ್ಟು ವಯಸ್ಸಾದವರಿಗೆ ಯಾಕೆ ಆಪರೇಷನ್’ ಎಂದು ಮನೆಯವರು ಕೇಳುವುದುಂಟು. ಈ ಆಪರೇಷನ್ನಿಗೆ ದಾರಿ ಮಾಡಿಕೊಟ್ಟ ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿಗೆ 97ನೇ ವಯಸ್ಸಿನಲ್ಲಿ, 2005ರ ಕೊನೆಯ ದಿನ, ಇದೇ ಕಾಯಿಲೆ ಬಂತು. 2006ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು 2008ರ ಜುಲೈವರೆಗೆ ಬದುಕಿದರು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ವಯಸ್ಸೊಂದನ್ನೇ ನೋಡಿ ಬೇಡ ಎನ್ನಬೇಡಿ, ಸರ್ಜನ್ ಏನು ಹೇಳುತ್ತಾರೆ ಕೇಳಿ. ಹಾಗೆಯೇ, ತೀರಾ ಜರ್ಜರಿತರಾದವರಿಗೆ ನೋವಿಲ್ಲದಂತೆ ನೋಡಿಕೊಳ್ಳೋಣ ಎಂದು ಮನೆಯವರು ನಿರ್ಧರಿಸಿದರೆ ಅದೂ ಪ್ರೀತಿಯ ನಿರ್ಧಾರವೇ.

ಟೈಪ್ ಬಿ ಎಂದರು, ಆಪರೇಷನ್ ಬೇಡ ಎಂದರು. ನಿರ್ಲಕ್ಷ್ಯ ಮಾಡುತ್ತಿದ್ದಾರೆಯೇ?

ಇಲ್ಲ. ಕರುಳಿಗೆ, ಕಿಡ್ನಿಗೆ, ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದ್ದು, ನಾಳ ಒಡೆಯುವ ಸೂಚನೆ ಇಲ್ಲದಿದ್ದರೆ ಐಸಿಯುನಲ್ಲಿಟ್ಟು ಬಿಪಿ ಹಿಡಿತಕ್ಕೆ ತರುವುದೇ ಚಿಕಿತ್ಸೆ. ರಕ್ತ ತಲುಪದ ಅಂಗವಿದ್ದರೆ, ನೋವು ನಿಲ್ಲದಿದ್ದರೆ, ನಾಳ ಬೇಗ ಉಬ್ಬುತ್ತಿದ್ದರೆ ತೊಡೆಯ ಸಂಧಿಯಿಂದ ಬಟ್ಟೆ ಹೊದಿಸಿದ ಸ್ಟೆಂಟ್ ತೂರಿಸಿ ಬಿರುಕಿನ ಬಾಯಿ ಮುಚ್ಚುತ್ತಾರೆ. 1999ರಿಂದ ಈ ವಿಧಾನ ಬಳಕೆಗೆ ಬಂದಿದೆ. ಎದೆ ತೆರೆಯಬೇಕಿಲ್ಲ. ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲಿನ ಶಕ್ತಿ ಹೋಗುವ ಅಪಾಯ ಸಣ್ಣ ಪ್ರಮಾಣದಲ್ಲಿದೆ, ಅದನ್ನು ಸಹಿ ಹಾಕುವ ಮುಂಚೆ ಕೇಳಿ ತಿಳಿದುಕೊಳ್ಳಿ.

ಖರ್ಚಿಗೆ ಏನು ದಾರಿ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ನೆರವಿದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಕಾರ್ಡು ಜೊತೆಗಿರಲಿ. ನಮ್ಮಲ್ಲಿ ಮಾಜಿ ಸೈನಿಕರ ಮನೆಗಳು ಎಷ್ಟೋ. ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಇದೆ, ತುರ್ತಿನಲ್ಲಿ ಪಾಲಿಕ್ಲಿನಿಕ್‌ನ ಪತ್ರಕ್ಕೆ ಕಾಯದೆ ಒಪ್ಪಂದವಿರುವ ಆಸ್ಪತ್ರೆಗೆ ನೇರ ಹೋಗಬಹುದು. ರೆಫರಲ್ ಪತ್ರ, ಆಧಾರ್, ರೇಷನ್ ಕಾರ್ಡು ಮರೆತಿದ್ದರೆ ಅದಕ್ಕಾಗಿ ಆಂಬುಲೆನ್ಸ್ ಹಿಂದಕ್ಕೆ ತಿರುಗಿಸಬೇಡಿ, ಯಾರಾದರೂ ಆಮೇಲೆ ತರಲಿ.

ಯಾರಿಗೆ ಬರುವ ಸಾಧ್ಯತೆ ಹೆಚ್ಚು?

ಬಿಪಿ ಇರುವವರಿಗೆ. ಈ ಕಾಯಿಲೆ ಬಂದ ನಾಲ್ವರಲ್ಲಿ ಸುಮಾರು ಮೂವರಿಗೆ ಬಿಪಿ ಇರುತ್ತದೆ, ಬಹಳ ಸಲ ಮಾತ್ರೆ ಅರ್ಧಕ್ಕೆ ಬಿಟ್ಟಿರುತ್ತಾರೆ. ಅರುವತ್ತರ ಆಸುಪಾಸಿನ ಗಂಡಸರು, ಬೀಡಿ ಸಿಗರೇಟು ಸೇದುವವರು, ಹಿಂದೆ ಹೃದಯದ ಆಪರೇಷನ್ ಆದವರು, ಮಹಾಪಧಮನಿ ಉಬ್ಬಿದೆ ಎಂದು ಎಕೋದಲ್ಲಿ ಬಂದವರು ಎಚ್ಚರದಿಂದಿರಬೇಕು. ಹುಟ್ಟಿನಿಂದಲೇ ಮಹಾಪಧಮನಿಯ ಕವಾಟಕ್ಕೆ ಮೂರರ ಬದಲು ಎರಡೇ ಎಸಳಿರುವವರು ನೂರಕ್ಕೆ ಒಬ್ಬಿಬ್ಬರಿರುತ್ತಾರೆ, ಅವರಿಗೂ ಅಪಾಯ ಹೆಚ್ಚು.

ಚಿಕ್ಕ ವಯಸ್ಸಿನಲ್ಲಿ ಬಂದರೆ ಮಾರ್ಫಾನ್‌ನಂಥ ವಂಶಪಾರಂಪರ್ಯ ತೊಂದರೆ ಹುಡುಕಬೇಕು. ತೀರಾ ಎತ್ತರ, ಉದ್ದನೆಯ ಕೈಬೆರಳು, ಗೂಡುಗಟ್ಟಿದ ಅಥವಾ ಒಳಸೇರಿದ ಎದೆ, ಕಣ್ಣಿನ ಮಸೂರ ಜಾರಿರುವುದು ಇದರ ಗುರುತುಗಳು. ಹಾಕಿಗೆ, ಬಾಸ್ಕೆಟ್‌ಬಾಲ್‌ಗೆ ಸೇರುವ ಎತ್ತರದ ಮಕ್ಕಳಲ್ಲಿ ಇವು ಕಂಡರೆ ಒಮ್ಮೆ ಎಕೋ ಮಾಡಿಸಿ. ಯುವತಿಯರಲ್ಲಿ ತಕಯಾಸು ಎಂಬ ರಕ್ತನಾಳದ ಉರಿಯೂತವೂ ಮಹಾಪಧಮನಿಯನ್ನು ಕೆಡಿಸಬಲ್ಲದು.

ಚಳಿಗಾಲದಲ್ಲಿ, ಬೆಳಿಗ್ಗೆ 6ರಿಂದ ಮಧ್ಯಾಹ್ನದೊಳಗೆ ಹೆಚ್ಚು ಆಗುತ್ತದೆ ಎಂದು ಹಲವು ದೇಶಗಳ ದಾಖಲೆಗಳು ತೋರಿಸಿವೆ. ನಮ್ಮ ಕಾಫಿ ಕುಯ್ಲಿನ ಕಾಲವೂ ಅದೇ. ಬೆಳಗಿನ ಬಿಪಿ ಮಾತ್ರೆ ನುಂಗದೆ ತೋಟಕ್ಕಿಳಿಯಬೇಡಿ.

ಗರ್ಭಿಣಿಯರಿಗೂ ಆಗುತ್ತದೆಯೇ?

ಅಪರೂಪ, ಆದರೆ ಆಗುತ್ತದೆ. ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯ ನಂತರದ ವಾರಗಳಲ್ಲಿ. ಮಾರ್ಫಾನ್ ಇರುವವರು ಗರ್ಭ ಧರಿಸುವ ಮುಂಚೆಯೇ ಹೃದ್ರೋಗ ತಜ್ಞರನ್ನು ಕಾಣಬೇಕು.

ಎಕೋದಲ್ಲಿ ಮಹಾಪಧಮನಿ 4.3 ಸೆಂ.ಮೀ. ಎಂದು ಬರೆದಿದ್ದಾರೆ. ಈಗಲೇ ಆಪರೇಷನ್ ಬೇಕೇ?

ಸಾಮಾನ್ಯವಾಗಿ ಬೇಡ. ಮೇಲೇರುವ ಭಾಗ 5.5 ಸೆಂ.ಮೀ. ಮುಟ್ಟಿದಾಗ, ಮಾರ್ಫಾನ್ ಇದ್ದರೆ 5ರ ಆಸುಪಾಸಿನಲ್ಲೇ, ಅಥವಾ ವರ್ಷದಲ್ಲಿ ಅರ್ಧ ಸೆಂ.ಮೀ. ಬೆಳೆದರೆ, ಒಡೆಯುವ ಮುಂಚೆ ಯೋಜಿಸಿ ಆಪರೇಷನ್ ಮಾಡುತ್ತಾರೆ. ಹೀಗೆ ಮಾಡಿಸಿಕೊಳ್ಳುವ ಆಪರೇಷನ್ನಿನ ಅಪಾಯ ತುರ್ತಿನದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿಯವರೆಗೆ ಹೇಳಿದ ಹೊತ್ತಿಗೆ ಸ್ಕ್ಯಾನ್, ಬಿಪಿ ಹಿಡಿತ.

ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳಬಾರದು ಎನ್ನುತ್ತಾರೆ, ನಿಜವೇ?

ಮಹಾಪಧಮನಿ ಉಬ್ಬಿರುವವರಿಗೆ, ಸೀಳಿದ ಇತಿಹಾಸವಿರುವವರಿಗೆ ಬೇರೆ ದಾರಿಯಿದ್ದರೆ ಆ ಗುಂಪಿನ ಆಂಟಿಬಯೋಟಿಕ್ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಕೂಡ ಅದೇ ಗುಂಪು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅಭ್ಯಾಸವಿದ್ದರೆ ಬಿಡಿ.

ಡಿಸ್ಚಾರ್ಜ್ ಆಯಿತು. ಇನ್ನು ತೋಟದ ಕೆಲಸ ಮಾಡಬಹುದೇ?

ನಡೆದಾಡಬಹುದು, ಕೆಲಸ ಮಾಡಿಸಬಹುದು, ತಿಂಗಳುಗಳ ನಂತರ ಹಗುರ ಕೆಲಸ ಮಾಡಬಹುದು. ಉಸಿರು ಬಿಗಿಹಿಡಿದು ಎತ್ತುವ, ತಳ್ಳುವ ಕೆಲಸ ಮಾತ್ರ ಬದುಕಿರುವವರೆಗೂ ಬೇಡ. 50 ಕೆ.ಜಿ. ಕಾಫಿ ಮೂಟೆಗೆ ಹೆಗಲು ಕೊಡುವುದು, ಮರದ ದಿಮ್ಮಿ ಉರುಳಿಸುವುದು ಇದರಲ್ಲಿ ಬರುತ್ತವೆ. ಮಲಬದ್ಧತೆಯಿಂದ ತಿಣುಕುವುದೂ ಇದೇ ಲೆಕ್ಕ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ ಮದ್ದು ತೆಗೆದುಕೊಳ್ಳಿ. ಮೆಣಸು ಕೊಯ್ಯಲು ಏಣಿ ಹತ್ತುವುದನ್ನು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬೇರೆಯವರಿಗೆ ಬಿಡಬೇಕು.

ಬಿಪಿ 130/80ರ ಒಳಗಿರಬೇಕು. ‘ಈಗ ನಾರ್ಮಲ್ ಇದೆ, ಮಾತ್ರೆ ನಿಲ್ಲಿಸಲೇ’ ಎಂದು ಕೇಳುವವರು ಬಹಳ. ನಾರ್ಮಲ್ ಆಗಿರುವುದು ಮಾತ್ರೆಯಿಂದ. ಹೃದಯದ ಬಡಿತ ಇಳಿಸುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬಡಿತ, ಬಿಪಿ ಎರಡೂ ಒಮ್ಮೆಲೇ ಏರುತ್ತವೆ. ಮಳೆಗಾಲದಲ್ಲಿ ರಸ್ತೆ ಮುಚ್ಚಬಹುದಾದ ಊರಿನವರು ಕನಿಷ್ಠ ಒಂದು ತಿಂಗಳ ಮಾತ್ರೆ ಮನೆಯಲ್ಲಿಟ್ಟುಕೊಂಡಿರಿ. ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಕೇಳಿ ತೆಗೆದುಕೊಳ್ಳಿ.

ಊಟ, ಕಾಫಿ, ಪಾನೀಯ?

ಉಪ್ಪು ಕಡಿಮೆ. ಉಪ್ಪಿನಕಾಯಿ, ಒಣಮೀನು ಅಪರೂಪಕ್ಕೆ. ಪಂದಿಕರಿ ಹಬ್ಬಕ್ಕೆ ಸ್ವಲ್ಪ ತಿನ್ನಲು ಅಡ್ಡಿಯಿಲ್ಲ, ಉಪ್ಪು ಮಾತ್ರ ಹಿಡಿತದಲ್ಲಿರಲಿ. ದಿನಕ್ಕೆ ಒಂದೆರಡು ಲೋಟ ಕಾಫಿ ಹೆಚ್ಚಿನವರಿಗೆ ತೊಂದರೆ ಕೊಡದು. ಮದ್ಯ ಬಿಪಿ ಏರಿಸುತ್ತದೆ, ಬಿಟ್ಟರೆ ಒಳ್ಳೆಯದು.

ಲೋಹದ ಕವಾಟ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಿಗೆ ಸೊಪ್ಪಿನ ಲೆಕ್ಕ ಮುಖ್ಯ. ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ಮಳೆಗಾಲದಲ್ಲಿ ಕೆಸದ ಸೊಪ್ಪು, ತೆರ್ಮೆ ಎಂಬ ಜರೀಗಿಡದ ಚಿಗುರು ಒಮ್ಮೆಲೇ ಹೆಚ್ಚು ತಿಂದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್ಆರ್ ಏರುಪೇರಾಗಬಹುದು. ಕಕ್ಕಡ ಮಾಸದ ಮದ್ದುಸೊಪ್ಪಿನ ಪಾಯಸ ತಿನ್ನುವ ಆಸೆಯಿದ್ದರೆ ಡಾಕ್ಟರಿಗೆ ಹೇಳಿ, ಆ ವಾರ ರಕ್ತಪರೀಕ್ಷೆ ಮಾಡಿಸಿ.

ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿಯಬಹುದೇ?

ಡಾಕ್ಟರು ನಡಿಗೆಗೆ ಒಪ್ಪಿಗೆ ಕೊಟ್ಟ ಮೇಲೆ ನಿಧಾನವಾಗಿ ನಾಲ್ಕು ಹೆಜ್ಜೆ ಹಾಕಬಹುದು. ಏದುಸಿರು ಬರುವಷ್ಟು ಬೇಡ.

ಮತ್ತೆ ಸ್ಕ್ಯಾನ್ ಯಾಕೆ? ಆಪರೇಷನ್ ಆಗಿದೆಯಲ್ಲ.

ಆಪರೇಷನ್ ಆದದ್ದು ಒಂದು ಭಾಗಕ್ಕೆ. ಉಳಿದ ಭಾಗದಲ್ಲಿ ಕಳ್ಳದಾರಿ ಹಾಗೇ ಇರಬಹುದು, ವರ್ಷಗಳಲ್ಲಿ ಉಬ್ಬಬಹುದು. ಸಾಮಾನ್ಯವಾಗಿ ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಸಿಟಿ ಅಥವಾ ಎಂಆರ್‌ಐ. ಹಳೆಯ ಚಿತ್ರಗಳಿಲ್ಲದೆ ಹೊಸದನ್ನು ಹೋಲಿಸಲಾಗದು. ರಿಪೋರ್ಟಿನ ಕಾಗದ ಮಾತ್ರವಲ್ಲ, ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆದು ಇಟ್ಟುಕೊಳ್ಳಿ.

ಅಪ್ಪನಿಗೆ ಆಗಿದೆ. ನಮಗೂ ಬರಬಹುದೇ?

ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು ಒಮ್ಮೆ ಎಕೋ ಮಾಡಿಸಿ, ಬಿಪಿ ನೋಡಿಸಿಕೊಳ್ಳಿ. ಅರುವತ್ತರೊಳಗೆ ಆಗಿದ್ದರೆ, ಅಥವಾ ಮನೆತನದಲ್ಲಿ ಇನ್ನೊಬ್ಬರು ಹಠಾತ್ತನೆ ಸತ್ತಿದ್ದರೆ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಮನೆಗೆ ಹೋಗಿದ್ದಾರೆಂದು ಅವರನ್ನು ಈ ಪಟ್ಟಿಯಿಂದ ಬಿಡಬೇಡಿ.

ನಾನು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇಬ್ಬರೇ ತೋಟದ ಮನೆಯಲ್ಲಿ. ಏನು ಸಿದ್ಧ ಮಾಡಿಡಲಿ?

ತೋಳಿಗೆ ಕಟ್ಟುವ ಬಿಪಿ ಯಂತ್ರ ಕೊಡಿಸಿ, ವಾರಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯಲಿ. ಜೀಪು ಓಡಿಸಬಲ್ಲ ಇಬ್ಬರು ಅಕ್ಕಪಕ್ಕದವರ ನಂಬರು, 108, ಹತ್ತಿರದ ಆಸ್ಪತ್ರೆಯ ನಂಬರು ದಪ್ಪ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ತೋಟದ ಕೆಲಸದವರಿಗೂ ತಿಳಿದಿರಲಿ. ಒಂದು ಕವರಿನಲ್ಲಿ ಮಾತ್ರೆಗಳ ಪಟ್ಟಿ, ಅಲರ್ಜಿ, ರಕ್ತದ ಗುಂಪು, ಹಳೆಯ ಎಕೋ, ಕ್ರಿಯೇಟಿನಿನ್, ಆರೋಗ್ಯ ಕಾರ್ಡಿನ ನಕಲು ಇಟ್ಟು ಬಾಗಿಲ ಹತ್ತಿರ ತೂಗುಹಾಕಿ. ಮೈಸೂರು, ಮಂಗಳೂರು, ನಿಮಗೆ ಹತ್ತಿರವಿದ್ದರೆ ಕಣ್ಣೂರು, ಈ ಊರುಗಳಲ್ಲಿ ಮಹಾಪಧಮನಿಯ ತುರ್ತು ಆಪರೇಷನ್ ಮಾಡುವ ಆಸ್ಪತ್ರೆಗಳನ್ನು ಈಗಲೇ ಫೋನ್ ಮಾಡಿ ಕೇಳಿ, ರಾತ್ರಿ ಹೊತ್ತಿನಲ್ಲೂ ಎತ್ತುವ ನಂಬರನ್ನು ಆ ಕವರಿನ ಮೇಲೆಯೇ ಬರೆದಿಡಿ.